ಕಾರ್ಲ್ಟನ್ ಚಾಪ್‌ಮನ್

ಚಾಪ್‌ಮನ್, ಕಾರ್ಲ್ಟನ್ (13 ಏಪ್ರಿಲ್ 1971 – 12 ಅಕ್ಟೋಬರ್ 2020): ಬೆಂಗಳೂರಿನ ಫುಟ್‌ಬಾಲ್ ಆಟಗಾರ, ಮುಂದೆ ತರಬೇತುದಾರ. 1995ರಿಂದ 2001ರವರೆಗೆ ಭಾರತ ತಂಡದಲ್ಲಿ ಮಿಡ್‌ಫೀಲ್ಡರ್ ಆಗಿ ಆಡಿದರು, ನಾಯಕರೂ ಆಗಿದ್ದರು. ಈಸ್ಟ್ ಬೆಂಗಾಲ್, ಜೆಸಿಟಿ ಮಿಲ್ಸ್ ಮತ್ತು ಎಫ್‌ಸಿ ಕೊಚ್ಚಿನ್ ಇವರು ಆಡಿದ ಕ್ಲಬ್‌ಗಳು. ಆಡಿ ಹೆಸರು ಮಾಡಿದ್ದೂ, ಆಡಿಸಿ ಬದುಕಿದ್ದೂ ಬಹುಪಾಲು ಕರ್ನಾಟಕದ ಹೊರಗೆ. ಇವರ ಜೀವನವೃತ್ತಾಂತವನ್ನು ಬರೆಯಹೊರಟರೆ ಕರ್ನಾಟಕದ ಫುಟ್‌ಬಾಲ್ ಕಥೆಯನ್ನೂ ಬರೆಯದೆ ವಿಧಿಯಿಲ್ಲ.

ಮೈದಾನದ ನಡುಭಾಗವನ್ನು ಕಾಯುವ ಆಟಗಾರರಿಗೆ ಈ ನಾಡಿನಲ್ಲಿ ಎಂದೂ ಬರವಿರಲಿಲ್ಲ. ಅವರನ್ನು ಆಗ ಹಾಫ್‌ಬ್ಯಾಕ್ ಎನ್ನುತ್ತಿದ್ದರು. ಟಿ. ಷಣ್ಮುಗಂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1–2ರಿಂದ ಸೋತ ಪಂದ್ಯದಲ್ಲಿ ನಮ್ಮ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಮೈಸೂರು ಸಂಸ್ಥಾನದ ಆಟಗಾರರೇ. 1956ರ ಮೆಲ್ಬರ್ನ್‌ನಲ್ಲಿ ಭಾರತ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಆ ದಿನ ಎಲ್ಲರ ಬಾಯಲ್ಲಿ ಇದ್ದದ್ದು ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಹೆಸರು. ನಡುವಿನಲ್ಲಿ ನೂರ್ ಮಹಮ್ಮದ್ ಜೊತೆ ಚೆಂಡು ಕಸಿದು ಮುಂದಕ್ಕೆ ದಾಟಿಸುತ್ತಿದ್ದ ಕೆಂಪಯ್ಯನವರ ಹೆಸರು ಇವತ್ತು ಎಷ್ಟು ಜನ ಕನ್ನಡಿಗರಿಗೆ ಗೊತ್ತು? 1960ರ ರೋಮ್ ಒಲಿಂಪಿಕ್ಸ್‌ನಲ್ಲೂ ಅವರು ಇದ್ದರು. ಚಾಪ್‌ಮನ್ ಇದೇ ಸಾಲಿಗೆ ಸೇರುವವರು. ನಡುವಿನವರ ದುಡಿಮೆ ಸ್ಕೋರ್‌ಬೋರ್ಡಿನಲ್ಲಿ ಕಾಣುವುದಿಲ್ಲ.

ಚಾಪ್‌ಮನ್ ಬೆಳೆದದ್ದು ಆಸ್ಟಿನ್ ಟೌನಿನಲ್ಲಿ. ಬೆಂಗಳೂರಿನ ದಂಡು ಪ್ರದೇಶಕ್ಕೆ ಬ್ರಿಟಿಷ್ ಪಲ್ಟನ್ನುಗಳು ತಂದ ಆಟವನ್ನು ಆಸ್ಟಿನ್ ಟೌನ್, ಹಲಸೂರಿನ ಪಕ್ಕದ ಗೌತಮಪುರ ಮುಂತಾದ ಬಡಾವಣೆಗಳ ಹುಡುಗರು ತಮ್ಮದಾಗಿಸಿಕೊಂಡಿದ್ದರು. ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆ ಇದೆ. ಚೆನ್ನಾಗಿ ಆಡುವವನಿಗೆ ಐಟಿಐ, ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳಲ್ಲಿ ನೌಕರಿ ಸಿಗುತ್ತಿತ್ತು. ಬೆಳಿಗ್ಗೆ ಶಿಫ್ಟು, ಸಂಜೆ ಪ್ರಾಕ್ಟೀಸು. ಆ ನೌಕರಿಯ ಆಸರೆಯಲ್ಲೇ ಮೈಸೂರು ರಾಜ್ಯದ ಫುಟ್‌ಬಾಲ್ ಉಸಿರಾಡಿತು. ಆದರೆ ಅದರಾಚೆಗೆ ಬೆಳೆಯಲು ದಾರಿ ಇರಲಿಲ್ಲ. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968–69ರಲ್ಲಿ. ಮುಂದಿನ ಗೆಲುವು ಬಂದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯದ ವಿರುದ್ಧ 3–2ರಿಂದ. ಚಾಪ್‌ಮನ್ ಹುಟ್ಟಿ, ಆಡಿ, ಆಡಿಸಿ, ತೀರಿಹೋದದ್ದೆಲ್ಲ ಈ ಎರಡು ಗೆಲುವುಗಳ ನಡುವಿನ ಬರಗಾಲದಲ್ಲಿ. ಊರಿನಲ್ಲಿ ಪ್ರತಿಭೆ ಇರಲಿಲ್ಲವೆಂದಲ್ಲ, ಇದ್ದವರು ಹೊರಟುಹೋಗಬೇಕಿತ್ತು.

ಅವರೂ ಹೊರಟರು. ಸದರ್ನ್ ಬ್ಲೂಸ್ ಕ್ಲಬ್ಬಿನಲ್ಲಿ ಆಡಿ, 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1987ರಲ್ಲಿ ಶುರುವಾದ ಈ ಅಕಾಡೆಮಿ ಹುಡುಗರಿಗೆ ಊಟ, ವಸತಿ, ಓದು ಕೊಟ್ಟು ದಿನವಿಡೀ ಫುಟ್‌ಬಾಲ್ ಕಲಿಸುತ್ತಿತ್ತು. ಆಗಿನ ಭಾರತದಲ್ಲಿ ಅಂಥ ವ್ಯವಸ್ಥೆ ಅಪರೂಪ. ಅಲ್ಲಿಂದ 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್‌ಗೆ ಬಂದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಮೊದಲ ಸುತ್ತಿನಲ್ಲಿ ಇರಾಕಿನ ಅಲ್ ಜವ್ರಾ ತಂಡ ಎದುರಾಯಿತು. ಇರಾಕಿನ ಕ್ಲಬ್‌ಗಳ ಎದುರು ಭಾರತದ ತಂಡಗಳು ಗೆಲ್ಲುತ್ತವೆಂದು ಯಾರೂ ನಿರೀಕ್ಷಿಸುತ್ತಿರಲಿಲ್ಲ. ಈಸ್ಟ್ ಬೆಂಗಾಲ್ 6–2ರಿಂದ ಗೆದ್ದಿತು. ಆರರಲ್ಲಿ ಮೂರು ಗೋಲು ಇಪ್ಪತ್ತೆರಡರ ಈ ಹುಡುಗನವು, ಅದೂ ಮಿಡ್‌ಫೀಲ್ಡರ್ ಒಬ್ಬನವು. ಭಾರತೀಯ ಕ್ಲಬ್ ಫುಟ್‌ಬಾಲ್‌ನಲ್ಲಿ ಏಷ್ಯಾ ಮಟ್ಟದ ಗೆಲುವುಗಳ ಪಟ್ಟಿ ಚಿಕ್ಕದು. ಅದರಲ್ಲಿ ಈ ಪಂದ್ಯದ ಸ್ಥಾನ ಎತ್ತರದ್ದು.

1995ರಲ್ಲಿ ಪಂಜಾಬಿನ ಫಗ್ವಾಡದ ಜೆಸಿಟಿ ಸೇರಿದರು. ಬಟ್ಟೆ ಗಿರಣಿಯೊಂದು ಸಾಕುತ್ತಿದ್ದ ತಂಡ, ಸುಖ್ವಿಂದರ್ ಸಿಂಗ್ ಕೋಚ್. ಮುಂದೆ ಕೇರಳದ ಐ.ಎಂ. ವಿಜಯನ್ ಮತ್ತು ಸಿಕ್ಕಿಂನ ಬೈಚುಂಗ್ ಭುಟಿಯಾ, ಅವರ ಹಿಂದೆ ಬೆಂಗಳೂರಿನ ಚಾಪ್‌ಮನ್. ಗೋಲು ಹೊಡೆಯುವ ಹಸಿವು ಮುಂದಿನ ಇಬ್ಬರಿಗೂ ಇತ್ತು. ಅದಕ್ಕೆ ತಕ್ಕ ಚೆಂಡನ್ನು ತಕ್ಕ ಹೊತ್ತಿಗೆ ಒದಗಿಸುವುದು ಹಿಂದಿನವನ ಕೆಲಸ. ಈ ಸ್ಥಾನದಲ್ಲಿ ಆಡುವವನು ಚೆಂಡು ಕಾಲಿಗೆ ಬರುವ ಮುಂಚೆಯೇ ಒಮ್ಮೆ ಹೆಗಲ ಮೇಲಿಂದ ಹಿಂದಕ್ಕೆ ನೋಡಿರಬೇಕು. ಎದುರಾಳಿ ಯಾವ ಕಡೆಯಿಂದ ಬರುತ್ತಿದ್ದಾನೆ, ತನ್ನವನು ಎಲ್ಲಿ ಓಡತೊಡಗಿದ್ದಾನೆ ಎಂಬುದು ಆ ಒಂದು ನೋಟದಲ್ಲೇ ತಿಳಿಯಬೇಕು. ಮೊದಲ ಸ್ಪರ್ಶದಲ್ಲೇ ಚೆಂಡನ್ನು ಎದುರಾಳಿಯಿಂದ ದೂರ ತಿರುಗಿಸಿ, ಎರಡನೆಯದರಲ್ಲಿ ಪಾಸು ಕೊಡಬೇಕು. ಚೆಂಡು ಹೋದ ಮೇಲೂ ಕೆಲಸ ಮುಗಿಯದು. ದಾಳಿ ಮುರಿದರೆ ರಕ್ಷಣೆಗೆ ಮೊದಲು ಓಡಿಬರಬೇಕಾದವನೂ ಅವನೇ. ಜೆಸಿಟಿಯಲ್ಲಿದ್ದ ಅವಧಿಯಲ್ಲಿ ಚಾಪ್‌ಮನ್ 14 ಟೂರ್ನಿಗಳನ್ನು ಗೆದ್ದರು. 1996–97ರಲ್ಲಿ ಮೊಟ್ಟಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗ್ ಕೂಡ ಜೆಸಿಟಿಯ ಪಾಲಾಯಿತು. ಭಾರತ ತಂಡದಲ್ಲೂ ಇದೇ ಮೂವರ ಜೊತೆಯಾಟ ನಡೆಯಿತು. 1997ರಲ್ಲಿ ಕಠ್ಮಂಡುವಿನಲ್ಲಿ ಮಾಲ್ಡೀವ್ಸ್ ತಂಡವನ್ನು 5–1ರಿಂದ ಸೋಲಿಸಿ ಸ್ಯಾಫ್ ಕಪ್ ಗೆದ್ದಾಗ ನಾಯಕ ಚಾಪ್‌ಮನ್. ಎದುರಾಳಿಗಳ ಮೇಲೆ ಅವರು ಸಿಟ್ಟಾಗುತ್ತಿರಲಿಲ್ಲ ಎಂದು ವಿಜಯನ್ ಮುಂದೆ ನೆನೆದಿದ್ದಾರೆ.

ಎಫ್‌ಸಿ ಕೊಚ್ಚಿನ್‌ನಲ್ಲಿ ಒಂದೇ ಋತು. 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್. ಮನೋರಂಜನ್ ಭಟ್ಟಾಚಾರ್ಯ ಕೋಚ್ ಆಗಿದ್ದ 2000–01ರ ಋತುವಿನಲ್ಲಿ ಚಾಪ್‌ಮನ್ ನಾಯಕತ್ವದ ತಂಡ ನ್ಯಾಷನಲ್ ಲೀಗ್ ಗೆದ್ದಿತು. ಈಸ್ಟ್ ಬೆಂಗಾಲ್‌ಗೆ ಅದು ಈ ಲೀಗಿನ ಮೊದಲ ಕಿರೀಟ. ಆ ವರ್ಷವೇ ಅವರು ವೃತ್ತಿಪರ ಆಟ ಬಿಟ್ಟರು. ವಯಸ್ಸು ಮೂವತ್ತು.

ತರಬೇತುದಾರನ ಬದುಕು ಇಷ್ಟು ಬೆಳಕಿನದಲ್ಲ. ತಾವು ಕಲಿತ ಟಾಟಾ ಅಕಾಡೆಮಿಗೇ ಮರಳಿ ಹುಡುಗರಿಗೆ ಕಲಿಸಿದರು. ಬಳಿಕ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೊ, ಕೋಲ್ಕತ್ತದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವ ಮೂನ್‌ಲೈಟ್ ತಂಡಗಳನ್ನು ನಡೆಸಿದರು. ಬಹುತೇಕ ಎಲ್ಲವೂ ಎರಡನೆಯ ದರ್ಜೆಯ ಲೀಗಿನ ಅಥವಾ ಮೇಲೇರಲು ಹವಣಿಸುತ್ತಿದ್ದ ಕ್ಲಬ್‌ಗಳು. ದೇಶದ ನಾಯಕನಾಗಿದ್ದವನಿಗೆ ಇವು ಚಿಕ್ಕ ಹುದ್ದೆಗಳೆಂದು ಕಾಣಬಹುದು. ನನ್ನ ಮಟ್ಟಿಗೆ ಅವರ ಬದುಕಿನ ಈ ಭಾಗಕ್ಕೆ ಹೆಚ್ಚಿನ ಗೌರವ ಸಲ್ಲಬೇಕು: ಹೆಸರಿದ್ದ ಆಟಗಾರ ಹೆಸರಿಲ್ಲದ ಹುಡುಗರ ಜೊತೆ ವರ್ಷಗಟ್ಟಲೆ ದುಡಿದದ್ದು ನಮ್ಮಲ್ಲಿ ಹೆಚ್ಚು ಕಾಣುವುದಿಲ್ಲ.

2017ರ ಡಿಸೆಂಬರಿನಲ್ಲಿ ಕೋಯಿಕ್ಕೋಡ್‌ನ ಕ್ವಾರ್ಟ್ಸ್ ಫುಟ್‌ಬಾಲ್ ಅಕಾಡೆಮಿಯ ತಾಂತ್ರಿಕ ನಿರ್ದೇಶಕರಾದರು. ಚಾಮರಾಜನಗರ ಜಿಲ್ಲೆಯ ಓದುಗರಿಗೆ ಆ ಊರಿನ ದಾರಿ ಚಿರಪರಿಚಿತ. ಗುಂಡ್ಲುಪೇಟೆಯಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರದ ಕಾಡು ದಾಟಿ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟ ಮಾರ್ಗವಾಗಿ ಅಲ್ಲಿಗೇ ತಲುಪುತ್ತದೆ. ಆ ಕಡೆ ಮಲಬಾರಿನಲ್ಲಿ, ಬೇಸಿಗೆ ಬಂತೆಂದರೆ ಹೊನಲು ಬೆಳಕಿನಲ್ಲಿ ಏಳೇಳು ಜನರ ಸೆವೆನ್ಸ್ ಪಂದ್ಯಗಳು ನಡೆಯುತ್ತವೆ, ಅಡಿಕೆ ಮರ, ಬಿದಿರಿನ ಗ್ಯಾಲರಿಗಳು ಕಿಕ್ಕಿರಿಯುತ್ತವೆ. ಗುಂಡ್ಲುಪೇಟೆಯ ಹುಡುಗನಿಗೆ ಬೆಂಗಳೂರಿಗಿಂತ ವಯನಾಡಿನ ಮೈದಾನವೇ ಹತ್ತಿರ. ಕರ್ನಾಟಕದ ಫುಟ್‌ಬಾಲ್ ಆಡಳಿತ ಬೆಂಗಳೂರನ್ನು ಬಿಟ್ಟು ಗಡಿ ಜಿಲ್ಲೆಗಳತ್ತ ನೋಡುವುದಾದರೆ ಈ ಸಾಮೀಪ್ಯವನ್ನು ಮೊದಲು ಬಳಸಿಕೊಳ್ಳಬೇಕು.

ಚಾಪ್‌ಮನ್ 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 49 ವರ್ಷ. ಇನ್ನೂ ತರಬೇತಿಯ ಕೆಲಸದಲ್ಲಿ ಇರಬೇಕಾದ ವಯಸ್ಸು.