ಅಕ್ಷರಗುಂಡಿನ ಮುಂದೆ ಐದು ಕ್ಯಾಮೆರಾಗಳು

ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ಚಾಚಾ ಹವ್ಯಾಸಿ ಛಾಯಾಗ್ರಾಹಕರು. ಅವರು ಸ್ಟುಡಿಯೋ ಇಡಲಿಲ್ಲ. ಮದುವೆ ಫೋಟೊ ತೆಗೆದು ಹಣ ಪಡೆಯಲಿಲ್ಲ. ಆದರೆ ಮೂರು ದಶಕಗಳಲ್ಲಿ ಐದು ಕ್ಯಾಮೆರಾ ಬದಲಿಸಿದರು. ಮನೆಯವರು ಇದನ್ನು ಶೋಕಿ ಎಂದರು. ನಾವು ಅಣ್ಣತಮ್ಮಂದಿರಿಗೆ ಮಾತ್ರ ಕಾರಣ ಗೊತ್ತಿತ್ತು. ಅವರಿಗೆ ಒಂದು ಪದದ ಚಿತ್ರ ಬೇಕಾಗಿತ್ತು.

ಆ ಪದ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲಿದೆ. ಹಳ್ಳಿಗರು ‘ಅಕ್ಷರಗುಂಡು’ ಎನ್ನುತ್ತಿದ್ದ ಈ ಬಂಡೆಯಲ್ಲಿರುವುದು ಅಶೋಕನ ಶಾಸನವೆಂದು 1892ರಲ್ಲಿ ಬಿ.ಎಲ್. ರೈಸ್ ಲೋಕಕ್ಕೆ ತಿಳಿಸಿದರು. ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲೂ ಇದರ ಪ್ರತಿಗಳಿವೆ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಶಾಸನ ಹೇಳುತ್ತದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಓದುವುದು ಎಡದಿಂದ ಬಲಕ್ಕೆ. ಆದರೆ ಕೊನೆಯಲ್ಲಿ ಬರೆದವನು ತನ್ನ ಹೆಸರು ಚಪಡ ಎಂದು ತಿಳಿಸಿ, ‘ಲಿಪಿಕಾರನಿಂದ’ ಎಂಬರ್ಥದ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ಖರೋಷ್ಠಿ ಪೇಶಾವರದ ಕಡೆಯ ಲಿಪಿ. ಅದಕ್ಕೂ ನಮ್ಮ ಉರ್ದುವಿಗೂ ನೇರ ನಂಟಿಲ್ಲ. ಕೈ ಓಡುವ ದಿಕ್ಕು ಮಾತ್ರ ಒಂದೇ. ಒಂದೇ ಪಾಟಿಯ ಮೇಲೆ ಉರ್ದುವನ್ನು ಬಲದಿಂದಲೂ ಕನ್ನಡವನ್ನು ಎಡದಿಂದಲೂ ಬರೆಯುತ್ತಿದ್ದ ನಮಗೆ ಆ ಬಂಡೆ ನಮ್ಮದೇ ಪಾಟಿಯಂತೆ ಕಂಡಿತು.

ನಮ್ಮ ಸೀಮೆಯ ಸುತ್ತ ಕ್ಯಾಮೆರಾ ಓಡಾಡಿದ್ದು ಇತ್ತೀಚೆಗಲ್ಲ. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಚಿತ್ರ ತೆಗೆದರು. ಅವರೂ ಹವ್ಯಾಸಿಯೇ. ಮೇಣ ಸವರಿದ ಕಾಗದವೇ ಅವರ ನೆಗೆಟಿವ್. ಚಿತ್ರ ಎಷ್ಟು ದೊಡ್ಡದು ಬೇಕೋ ಅಷ್ಟೇ ದೊಡ್ಡ ಕಾಗದ, ಅದು ಹಿಡಿಸುವಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ಬೆಳಕು ಬಹಳ ಹೊತ್ತು ಬೀಳಬೇಕಾದ್ದರಿಂದ ಅಲುಗಾಡದ ಕಲ್ಲುಗಳೇ ಅದಕ್ಕೆ ಸರಿ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ, ಸವೆದದ್ದು ಎಷ್ಟು, ಉಳಿದದ್ದು ಎಷ್ಟು ಎಂಬುದು ಕಣ್ಣಿಗೆ ಬಿತ್ತು. ಅದೇ 1983ರಲ್ಲಿ, ಹಿಂದೆ ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರ ವನ್ಯಜೀವಿ ಚಿತ್ರಗಳ ಪುಸ್ತಕ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಪ್ರಕಟವಾಯಿತು. ಹವ್ಯಾಸಿ ಎಂದರೆ ಅರೆಬೆಂದವನು ಎಂದಲ್ಲ ಎನ್ನಲು ಚಾಚಾ ಈ ಹೆಸರುಗಳನ್ನೇ ಹೇಳುತ್ತಿದ್ದರು.

ಚಾಚಾರ ಮೊದಲ ಕ್ಯಾಮೆರಾ, ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3. ಅಂದಿನ ಎಷ್ಟೋ ಮಧ್ಯಮವರ್ಗದ ಮನೆಗಳ ಮೊದಲ ಕ್ಯಾಮೆರಾವೂ ಅದೇ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರ. 1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾದ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ರೋಲು ಹಾಕುತ್ತಿದ್ದರು. ಆದರೆ ಕ್ಲಿಕ್‌ಗೆ ವಸ್ತು ಒಂದೆರಡು ಮಾರು ದೂರವಿದ್ದರೇ ಸ್ಪಷ್ಟ. ಬಂಡೆ ಬಂತು, ಪದ ಬರಲಿಲ್ಲ.

ಎರಡನೆಯದು ಯಾಶಿಕಾ ಎಲೆಕ್ಟ್ರೋ 35. ವಿದೇಶಿ ಕ್ಯಾಮೆರಾ ಆಮದಿಗೆ ಭಾರೀ ಸುಂಕವಿದ್ದ ಕಾಲದಲ್ಲಿ ಅಂಥವು ನಮ್ಮ ಓಣಿಗೆ ಬರುತ್ತಿದ್ದದ್ದು ಗಲ್ಫಿನಲ್ಲಿ ದುಡಿಯುವವರ ಸೂಟ್‌ಕೇಸಿನಲ್ಲಿ, ಸೆಂಟು ಮತ್ತು ಟೇಪ್‌ರೆಕಾರ್ಡರ್‌ಗಳ ಜೊತೆ. ಒಂದೇ ರೋಲಿನಲ್ಲಿ ಮೂವತ್ತಾರು ಚಿತ್ರ. ಎರಡೂವರೆ ಅಡಿಯವರೆಗೆ ಹತ್ತಿರ ಹೋಗಬಹುದು. ಆದರೂ ಪದ ಮಸುಕು. ಬಂಡೆಯ ಅಕ್ಷರಗಳು ಆಳವಿಲ್ಲ. ನಡುಹಗಲ ಬಿಸಿಲು ನೆತ್ತಿಯ ಮೇಲಿಂದ ಬಿದ್ದರೆ ನೆರಳಿಲ್ಲದೆ ಕಲ್ಲಿನಲ್ಲೇ ಕರಗಿಹೋಗುತ್ತವೆ.

ಮೂರನೆಯದು 1998ರಲ್ಲಿ ಬೆಂಗಳೂರಿನಿಂದ ಸೆಕೆಂಡ್‌ಹ್ಯಾಂಡಿನಲ್ಲಿ ತಂದ ಪೆಂಟ್ಯಾಕ್ಸ್ ಕೆ1000. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಉಂಗುರ ಹಾಕಿದರೆ ಗೇಣುದೂರದ ವಸ್ತುವೂ ಸ್ಪಷ್ಟ. ಹಿಂದಿನ ರಾತ್ರಿಯೇ ಹೋಗಿ ತಂಗಿ, ಬೆಳಗಿನ ಎಳೆಬಿಸಿಲನ್ನು ನಾವು ಮನೆಯ ಕನ್ನಡಿಯಲ್ಲಿ ಹಿಡಿದು ಬಂಡೆಗೆ ಓರೆಯಾಗಿ ಬಿಟ್ಟೆವು. ಪ್ರತಿ ಗೀರಿಗೂ ನೆರಳು ಹುಟ್ಟಿತು. ಚಪಡನ ಪದ ಚಾಚಾರ ಫಿಲ್ಮಿಗೆ ಇಳಿಯಿತು.

ಆದರೆ ಚಾಚಾರಿಗೆ ಸಿಗದ ಚಿತ್ರ ಇನ್ನೊಂದಿತ್ತು: ದಾದಿಯದು. ಚಿತ್ರ ತೆಗೆಸುವುದು ಸರಿಯಲ್ಲ ಎಂಬುದು ದಾದಿಯ ದೃಢ ನಂಬಿಕೆ. ಈ ವಿಷಯದಲ್ಲಿ ಉಲೇಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ, ಅಗತ್ಯಕ್ಕೆ ಬಹುತೇಕರು ಒಪ್ಪುತ್ತಾರೆ ಎಂದು ಚಾಚಾರಿಗೂ ಗೊತ್ತಿತ್ತು. ವಾದಿಸಲಿಲ್ಲ. ಯಾಶಿಕಾದ ಗುಂಡಿ ಒತ್ತಿದರೆ ಸದ್ದೂ ಕೇಳುತ್ತಿರಲಿಲ್ಲ. ಆದರೂ ಕದ್ದು ತೆಗೆಯಲಿಲ್ಲ.

ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಮತದಾರರಿಗೆ ಭಾವಚಿತ್ರದ ಗುರುತಿನ ಚೀಟಿ ಕೊಡುವ ಯೋಜನೆ ಆರಂಭವಾಯಿತು. ನಮ್ಮ ಓಣಿಯ ಸರದಿ ಬಂದ ದಿನ ದಾದಿ ಸೆರಗು ಸರಿಪಡಿಸಿಕೊಂಡು ಸಾಲಿನಲ್ಲಿ ನಿಂತರು. ‘ಸರ್ಕಾರದ ಕ್ಯಾಮೆರಾಗೆ ಆಗುತ್ತದೆ, ಮಗನ ಕ್ಯಾಮೆರಾಗೆ ಯಾಕಾಗದು?’ ಎಂದು ನಾವು ಕೆಣಕಿದೆವು. ದಾದಿ ಹೇಳಿದ್ದು ಒಂದೇ ಮಾತು: ‘ಅದು ಜರೂರತ್ತು ಮಗಾ, ಇದು ಶೌಕು.’

ದಾದಿ ತೀರಿಕೊಂಡ ಮೇಲೆ, 2005ರಲ್ಲಿ, ನಾಲ್ಕನೆಯ ಕ್ಯಾಮೆರಾ ಬಂತು. ಅದು ಡಿಜಿಟಲ್. ಹೂವಿನ ಗುರುತಿನ ಗುಂಡಿ ಒತ್ತಿದರೆ ಉಂಗುರವೂ ಬೇಡ, ರೋಲೂ ಬೇಡ. ಚೀಟಿಯಲ್ಲಿರುವ ದಾದಿಯ ಮುಖವನ್ನು ದೊಡ್ಡದು ಮಾಡಿ ಚೌಕಟ್ಟು ಹಾಕಿಸೋಣ ಎಂದು ಮನೆಯವರೆಲ್ಲ ಒತ್ತಾಯಿಸಿದರು. ನಾವೂ ಒತ್ತಾಯಿಸಿದೆವು. ಚಾಚಾ ಒಪ್ಪಲಿಲ್ಲ. ‘ಅಮ್ಮಿ ಮುಖ ಕೊಟ್ಟದ್ದು ಚೀಟಿಗೆ, ಗೋಡೆಗಲ್ಲ’ ಎಂದರು. ಅಂದು ನಮಗೆ ಕೋಪ ಬಂದಿತ್ತು.

ಐದನೆಯದು ಮೊಬೈಲ್. ಇಂದು ನಮ್ಮ ಮಕ್ಕಳು ದಿನಕ್ಕೆ ನೂರು ಚಿತ್ರ ತೆಗೆಯುತ್ತಾರೆ. ಕೇಳಿ ತೆಗೆಯುವವರು ಕಡಿಮೆ. ಮೊದಲ ಮೊಬೈಲ್ ಕೆಟ್ಟಾಗ ಎರಡು ವರ್ಷದ ಚಿತ್ರಗಳು ಒಟ್ಟಿಗೆ ಹೋದವು. ಕ್ಲಿಕ್‌ನ ಚೌಕ ನೆಗೆಟಿವ್‌ಗಳು ಇನ್ನೂ ಟ್ರಂಕಿನಲ್ಲಿವೆ. ಹತ್ತಿರ ಹೋಗುವುದನ್ನು ಪ್ರತಿ ಹೊಸ ಕ್ಯಾಮೆರಾ ಸುಲಭ ಮಾಡಿತು. ಎಲ್ಲಿ ನಿಲ್ಲಬೇಕೆಂಬುದನ್ನು ಯಾವ ಕ್ಯಾಮೆರಾವೂ ಹೇಳಲಿಲ್ಲ. ಅದನ್ನು ಮನುಷ್ಯನೇ ತೀರ್ಮಾನಿಸಬೇಕು.

ಚಾಚಾ ಮೊಬೈಲಿನಲ್ಲಿ ತೆಗೆದ ಮೊದಲ ಚಿತ್ರವನ್ನು ನಮಗೆ ತೋರಿಸಿದರು. ದಾದಿಯ ಹಳೆಯ ಪುಸ್ತಕದ ಒಂದು ಪುಟ; ಹಾಲಿನವನ ಲೆಕ್ಕ, ಉರ್ದುವಿನಲ್ಲಿ, ಕೊಂಚ ನಡುಗಿದ ಕೈ. ಚಪಡನ ಮುಖವನ್ನೂ ನಾವ್ಯಾರೂ ಕಂಡಿಲ್ಲ. ಈಗ ಎರಡೂ ಚಿತ್ರಗಳು ಚಾಚಾರ ಮನೆಯ ಗೋಡೆಯ ಮೇಲೆ ಅಕ್ಕಪಕ್ಕದಲ್ಲಿವೆ. ಎರಡನ್ನೂ ಬಲದಿಂದಲೇ ಓದಬೇಕು.