ಕ್ಯೋಟೋ ಒಪ್ಪಂದ ಮತ್ತು ಬಾನ್‌ನ ಚೌಕಾಶಿ

ನಾನಿರುವ ಕಲೋನ್‌ನಿಂದ ಬಾನ್‌ಗೆ ರೈಲಿನಲ್ಲಿ ಹೆಚ್ಚು ಅಂದ್ರೆ ಅರ್ಧ ಗಂಟೆ. ಊರು ನೋಡೋಕೆ ಬಂದವರು ಬೀಥೋವನ್ ಹುಟ್ಟಿದ ಮನೆ ನೋಡಿ ವಾಪಸ್ ಹೋಗ್ತಾರೆ. ವಿಶ್ವಸಂಸ್ಥೆಯ ಹವಾಮಾನ ಕಚೇರಿ ಇರೋದೂ ಇಲ್ಲೇ. ಕ್ಯೋಟೋ ಒಪ್ಪಂದದ ಕಥೆ ಮುಗೀತು ಅಂತ ಎಲ್ಲರೂ ಅಂದುಕೊಂಡಿದ್ದಾಗ ಅದು ಬದುಕಿಕೊಂಡದ್ದೂ ಇಲ್ಲೇ, 2001ರ ಜುಲೈನಲ್ಲಿ.

1997ರ ಡಿಸೆಂಬರ್‌ನಲ್ಲಿ ಕ್ಯೋಟೋದಲ್ಲಿ ಒಪ್ಪಿಕೊಂಡದ್ದು ಮುಖ್ಯವಾಗಿ ಅಂಕಿಗಳನ್ನು. ಶ್ರೀಮಂತ ದೇಶಗಳು 2008-2012ರ ಹೊತ್ತಿಗೆ ತಮ್ಮ ಹೊಗೆಯನ್ನು 1990ರ ಮಟ್ಟಕ್ಕಿಂತ ಸರಾಸರಿ ಶೇ. 5ರಷ್ಟು ಇಳಿಸಬೇಕು. ಸರಿ, ಕಾಡು ಹೀರಿಕೊಂಡ ಇಂಗಾಲವನ್ನು ಲೆಕ್ಕದಲ್ಲಿ ಎಷ್ಟು ಕಳೀಬಹುದು? ಮಾತು ತಪ್ಪಿದವರಿಗೆ ಏನು ಮಾಡೋದು? ಅದೆಲ್ಲ ಆಮೇಲೆ ನೋಡೋಣ ಅಂತ ಬಿಟ್ಟರು!

ಆ 'ಆಮೇಲೆ' ಬಂದದ್ದು 2000ದ ನವೆಂಬರ್‌ನಲ್ಲಿ, ಹೇಗ್‌ನಲ್ಲಿ. ನಮ್ಮ ಕಾಡುಗಳನ್ನೂ ಲೆಕ್ಕಕ್ಕೆ ಹಿಡೀರಿ ಅಂತ ಅಮೆರಿಕ, ಜಪಾನ್, ಕೆನಡಾ; ಹಾಗಾದ್ರೆ ಕಾರ್ಖಾನೆ ಹೊಗೆ ಇಳಿಸೋದು ಯಾರು ಅಂತ ಯುರೋಪು. ಯಾನ್ ಪ್ರಾಂಕ್ ಅಧ್ಯಕ್ಷತೆಯ ಆ ಸಭೆಯ ಹೊತ್ತಲ್ಲಿ ಅಮೆರಿಕದ ಪ್ರತಿನಿಧಿ ಫ್ರಾಂಕ್ ಲಾಯ್ ಮುಖಕ್ಕೆ ಪ್ರತಿಭಟನಾಕಾರರು ಕೆನೆ ಕೇಕ್ ಮೆತ್ತಿದ್ದೂ ಆಯ್ತು. ಬ್ರಿಟನ್ನಿನ ಜಾನ್ ಪ್ರೆಸ್ಕಾಟ್ ಕೊನೆಗಳಿಗೆಯಲ್ಲಿ ಹೊಂದಿಸಿದ ರಾಜಿಯನ್ನು ಯುರೋಪಿನ ಉಳಿದ ಮಂತ್ರಿಗಳು ಒಪ್ಪಲಿಲ್ಲ. ಸಭೆ ಮುರೀತು. 2001ರ ಮಾರ್ಚ್‌ನಲ್ಲಿ ಬುಷ್ ಕ್ಯೋಟೋವನ್ನೇ ತಿರಸ್ಕರಿಸಿದರು.

ಇಲ್ಲಿದೆ ನೋಡಿ ಲೆಕ್ಕದ ಆಟ. ಒಪ್ಪಂದ ಜಾರಿಯಾಗೋಕೆ 55 ದೇಶ ಅನುಮೋದಿಸಬೇಕು. ಜೊತೆಗೆ ಕೈಗಾರಿಕಾ ದೇಶಗಳ 1990ರ ಕಾರ್ಬನ್ ಡೈ ಆಕ್ಸೈಡ್‌ನಲ್ಲಿ ಶೇ. 55 ಪಾಲು ಅವರದ್ದಾಗಿರಬೇಕು. ಶೇ. 36ರ ಅಮೆರಿಕ ಹೊರಗೆ. ಉಳಿದವರಲ್ಲಿ ಶೇ. 17ರ ರಷ್ಯಾ ಕೈಕೊಟ್ಟರೆ ಮುಗೀತು. ಜಪಾನ್, ಕೆನಡಾ ಎರಡೂ ಹೋದರೂ ಅಷ್ಟೇ. ನಿನ್ನೆವರೆಗೆ ಅಮೆರಿಕದ ಹಿಂದೆ ನಿಂತಿದ್ದವರಿಗೆ ಒಮ್ಮೆಲೇ ಬೆಲೆ ಬಂತು!

ಬಾನ್‌ನಲ್ಲಿ ಪ್ರಾಂಕ್ ಆ ಬೆಲೆ ಕೊಟ್ಟರು. ಕಾಡಿನ ಹೆಸರಲ್ಲಿ ಜಪಾನಿಗೆ ವರ್ಷಕ್ಕೆ 130 ಲಕ್ಷ ಟನ್ ಇಂಗಾಲ, ಕೆನಡಾಗೆ 120 ಲಕ್ಷ. ರಷ್ಯಾಕ್ಕೆ 176 ಲಕ್ಷ ಸಾಲದೆ, ನಾಲ್ಕು ತಿಂಗಳ ನಂತರ ಮರ‍್ರಾಕೇಶ್‌ನಲ್ಲಿ 330 ಲಕ್ಷಕ್ಕೆ ಏರಿಸಿಕೊಂಡಿತು. ಸೋವಿಯತ್ ಕುಸಿದು ಕಾರ್ಖಾನೆಗಳು ಮುಚ್ಚಿ ಅವರ ಹೊಗೆ ಆಗಲೇ ಗುರಿಗಿಂತ ಎಷ್ಟೋ ಕೆಳಗಿತ್ತು ಅನ್ನೋದು ಬೇರೆ ಮಾತು. ಅಷ್ಟಾದರೂ ರಷ್ಯಾ ಅನುಮೋದಿಸಿದ್ದು 2004ರ ನವೆಂಬರ್‌ನಲ್ಲಿ, ಅದೂ ವಿಶ್ವ ವಾಣಿಜ್ಯ ಸಂಸ್ಥೆ ಸೇರೋಕೆ ಯುರೋಪಿನ ಒಪ್ಪಿಗೆ ಸಿಕ್ಕ ಮೇಲೆ. 2005ರ ಫೆಬ್ರವರಿ 16ಕ್ಕೆ ಕ್ಯೋಟೋ ಜಾರಿಗೆ ಬಂತು. ಕೆನಡಾ 2011ರಲ್ಲಿ, ಕೊಟ್ಟದ್ದನ್ನೆಲ್ಲ ಬಿಟ್ಟು, ಹೊರಗೆ ಹೋಗ್ತೀವಿ ಅಂತ ಘೋಷಿಸಿತು.

ಹಾಗಾದ್ರೆ ಬಾನ್‌ನಲ್ಲಿ ಕೊಟ್ಟದ್ದು ಲಂಚ ಅಲ್ವಾ? ಲಂಚವೇ ಅನ್ನಿ. ಆದರೂ ಪ್ರಾಂಕ್ ಮಾಡಿದ್ದು ಸರಿ ಅಂತೀನಿ. ಬಡದೇಶದಲ್ಲಿ ಹೊಗೆ ತಗ್ಗಿಸುವ ಕೆಲಸಕ್ಕೆ ಶ್ರೀಮಂತ ದೇಶ ದುಡ್ಡು ಕೊಟ್ಟು ಲೆಕ್ಕ ಪಡೆಯೋ ನಿಯಮಗಳು ಗಟ್ಟಿಯಾದದ್ದು ಬಾನ್, ಮರ‍್ರಾಕೇಶ್‌ಗಳಲ್ಲೇ. ಆ ದಾರಿಯಲ್ಲಿ ದೊಡ್ಡ ರಾಸಾಯನಿಕ ಕಂಪನಿಗಳೂ ಚೆನ್ನಾಗಿ ದುಡ್ಡು ಮಾಡಿಕೊಂಡವು, ಸುಳ್ಳಲ್ಲ. ಆದರೆ ಅದೇ ದಾರಿಯಲ್ಲಿ 2005ರಲ್ಲಿ ನೋಂದಾಯಿತವಾದ ಯೋಜನೆಗಳಲ್ಲಿ ನಮ್ಮ ಬಾಗೇಪಲ್ಲಿಯದೂ ಒಂದು: ಹಳ್ಳಿ ಮನೆಗಳಿಗೆ 5,500 ಗೋಬರ್ ಗ್ಯಾಸ್ ಘಟಕ.