‘ಲಕ್ಷುರಿ’ ಮತ್ತು ‘ಕಾವಲು’: ಸಮೃದ್ಧಿಯ ಎರಡು ಮಾತುಗಳು

ಇಂಗ್ಲಿಷಿನ ‘ಲಕ್ಷುರಿ’ ಎಂಬ ಪದವನ್ನು ‘ಭೋಗವಿಲಾಸ’ವೆಂದು ಅನುವಾದಿಸಿ ನಾವು ಸಾಮಾನ್ಯವಾಗಿ ಮುಂದೆ ಸಾಗುತ್ತೇವೆ. ಆದರೆ ಈ ಪದದ ಪೂರ್ವಚರಿತ್ರೆಯಲ್ಲಿ ಅರಮನೆಗಿಂತ ಹೊಲಕ್ಕೆ ಹತ್ತಿರವಾದ ಅರ್ಥವೊಂದುಂಟು. ಲ್ಯಾಟಿನ್ ಕವಿ ವರ್ಜಿಲನು ತನ್ನ ‘ಜಾರ್ಜಿಕ್ಸ್’ ಕಾವ್ಯದ ಮೊದಲನೆಯ ಭಾಗದಲ್ಲಿ, ತೆನೆಯ ಭಾರಕ್ಕೆ ಪೈರು ಬಾಗಿ ಬೀಳದಿರಲೆಂದು ಮಿತಿಮೀರಿ ಬೆಳೆದ ಎಳೆಯ ಪೈರನ್ನು ಮೇಯಿಸಿಬಿಡುವ ರೈತನನ್ನು ಪ್ರಸ್ತಾಪಿಸುತ್ತಾನೆ. ಆ ಅತಿಬೆಳವಣಿಗೆಗೆ ಅವನು ಬಳಸಿರುವುದು ಇದೇ ಪದಮೂಲವನ್ನು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಅದು ಕಾಮಲೋಲುಪತೆಯೆಂಬ ಪಾಪದ ಹೆಸರಾಗಿದ್ದಿತು. ಷೇಕ್ಸ್‌ಪಿಯರನಲ್ಲಿಯೂ ಆ ಅರ್ಥ ಉಳಿದಿದೆ. ಹದಿನೇಳನೆಯ ಶತಮಾನದಿಂದೀಚೆಗೆ ಬೆಲೆಬಾಳುವ ಜೀವನಕ್ರಮವೆಂಬ ಅರ್ಥ ಬಲಗೊಂಡಿತು. ತತ್ತ್ವಜ್ಞ ಹ್ಯೂಮನು 1752ರಲ್ಲಿ ಈ ಪದವನ್ನೇ ಶಿರೋನಾಮೆಯಾಗಿಟ್ಟು ಪ್ರಬಂಧವೊಂದನ್ನು ಪ್ರಕಟಿಸಿ, 1760ರಲ್ಲಿ ಅದನ್ನು ‘ಕಲೆಗಳಲ್ಲಿ ಪರಿಷ್ಕಾರ’ವೆಂಬರ್ಥದ ಶಿರೋನಾಮೆಗೆ ಬದಲಾಯಿಸಿದನು. ಪದಕ್ಕೆ ಹತ್ತಿದ್ದ ಪಾಪದ ವಾಸನೆ ಇನ್ನೂ ಹೋಗಿರಲಿಲ್ಲವೆಂದು ತೋರುತ್ತದೆ. ಹಸುರಿನ ನೆನಪನ್ನು ಉಳಿಸಿಕೊಂಡಿರುವುದು ‘ಲಕ್ಷೂರಿಯಂಟ್’ ಎಂಬ ಅದರ ಸೋದರಪದ ಮಾತ್ರ.

ಸಮೃದ್ಧಿಯ ಹೆಸರು ಅದನ್ನು ಅಳೆಯುವವರ ಕೈಯಲ್ಲಿ ಬದಲಾಗುವುದೆಂಬುದಕ್ಕೆ ನಿದರ್ಶನವನ್ನು ಅರಸಿ ನಾವು ಯೂರೋಪಿಗೆ ಹೋಗಬೇಕಾಗಿಲ್ಲ. ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯ ಹುಲ್ಲುಗಾವಲೇ ಸಾಕು. ರಾಜ್ಯದ ಅತ್ಯಂತ ಕಡಿಮೆ ಮಳೆಯ ಸೀಮೆಗಳಲ್ಲಿ ಇದೊಂದು. ಇಂತಹ ಕಾವಲುಗಳನ್ನು ಅವಲಂಬಿಸಿದ್ದ ರಾಜಗೋವುಗಳ ಇಲಾಖೆಗೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ‘ಬೆಣ್ಣೆ ಚಾವಡಿ’ ಎಂಬ ಹೆಸರಿದ್ದಿತು. ಟಿಪ್ಪು ಸುಲ್ತಾನನು ಅದನ್ನು ‘ಅಮೃತ ಮಹಲ್’ ಎಂದು ಕರೆದನು. ಬೆಣ್ಣೆ ಅಮೃತವಾಯಿತು, ಆದರೆ ಹೈದರನ ಕಾಲದಿಂದಲೇ ಲೆಕ್ಕಕ್ಕೆ ಬರುತ್ತಿದ್ದುದು ಹಾಲಿಗಿಂತ ಹೆಚ್ಚಾಗಿ ಫಿರಂಗಿಯನ್ನೂ ಸಾಮಗ್ರಿಯನ್ನೂ ಎಳೆಯುವ ಎತ್ತುಗಳು. 1799ರ ಅನಂತರ ಈ ಹಿಂಡುಗಳು ಇಂಗ್ಲಿಷರ ವಶವಾದುವು. 1813ರಲ್ಲಿ ಸೈನ್ಯಾಧಿಕಾರಿಯೊಬ್ಬನ ಆಡಳಿತಕ್ಕೆ ಒಳಪಟ್ಟುವು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿ, ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಬೇಕಾಯಿತು. ನಿನ್ನೆಯ ಅವಶ್ಯಕತೆ ಇಂದಿನ ದುಂದು, ನಾಳೆ ಮತ್ತೆ ಅವಶ್ಯಕತೆ! 1881ರ ಪುನರರ್ಪಣದ ತರುವಾಯ ಅದು ಮೈಸೂರು ಸರ್ಕಾರಕ್ಕೆ ಸೇರಿತು.

ಇಷ್ಟೆಲ್ಲ ಹೆಸರುಗಳ ಕೆಳಗೆ ಕದಲದೆ ಉಳಿದ ಪದವೆಂದರೆ ‘ಕಾವಲು’. ‘ಕಾ’ ಧಾತುವಿನಿಂದ ಬಂದ ಈ ಮಾತು ಸಮೃದ್ಧಿಯನ್ನು ಹೇಳುವುದಿಲ್ಲ, ಅದನ್ನು ಕಾಯುವ ಕೆಲಸವನ್ನು ಹೇಳುತ್ತದೆ. ವರ್ಜಿಲನ ರೈತನು ಹೆಚ್ಚಾದುದನ್ನು ಮೇಯಿಸಿ ತಗ್ಗಿಸಿದನು. ಇಲ್ಲಿ ಕಡಮೆಯಿರುವುದನ್ನು ಕಾಯ್ದು ಹೆಚ್ಚಿಸಬೇಕು. ಅಮೃತ ಮಹಲಿನವರು ಬೇಸಗೆ, ಮಳೆ, ಚಳಿಗಳಿಗೆ ಬೇರೆ ಬೇರೆ ಕಾವಲುಗಳನ್ನಿಟ್ಟು ಹಿಂಡುಗಳನ್ನು ಸಾಗಿಸುತ್ತಿದ್ದುದು ಈ ಅರಿವಿನಿಂದಲೇ. ಈ ಸೀಮೆಯ ಮ್ಯಾಸನಾಯಕರ ದೇವರೆತ್ತುಗಳನ್ನೂ ಇಲ್ಲಿ ನೆನೆಯಬೇಕು: ಕಿಲಾರಿಗಳು ಮೇಯಿಸುವ ಆ ಹಿಂಡು ಹಟ್ಟಿಯ ಐಶ್ವರ್ಯ, ಆದರೆ ಯಾರ ಭೋಗಕ್ಕೂ ಅಲ್ಲ.

‘ಲಕ್ಷುರಿ’ಗೆ ವಿರುದ್ಧವಾದ ಮಾತು ಈ ನೆಲಕ್ಕೆ ಸುಲಭವಾಗಿ ಅಂಟಿಕೊಂಡಿದೆ. ಭಾರತ ಸರ್ಕಾರವು 2000ದಲ್ಲಿ ಮೊದಲು ಹೊರತಂದ ಬಂಜರುಭೂಮಿಯ ಭೂಪಟ ಸಂಪುಟದಲ್ಲಿ ಕುರುಚಲು ನೆಲವೂ ಕ್ಷೀಣಿಸಿದ ಗೋಮಾಳವೂ ಬಂಜರಿನ ವರ್ಗಗಳು. ಕೃಷ್ಣಮೃಗ ಮೇಯುವ, ಚಳ್ಳಕೆರೆಯ ಕಂಬಳಿಗೆ ಉಣ್ಣೆ ಕೊಡುವ ಕುರಿಗಳನ್ನು ಸಾಕುವ ಹುಲ್ಲನ್ನು ಬಂಜರೆನ್ನುವುದು ನಮಗೆ ಒಪ್ಪಿಗೆಯಿಲ್ಲ. 2008ರಿಂದೀಚೆಗೆ ಉಳ್ಳಾರ್ತಿ, ಖುದಾಪುರ, ವರವು ಕಾವಲುಗಳಲ್ಲಿ ಸುಮಾರು 10,000 ಎಕರೆ ನೆಲವು ರಕ್ಷಣಾ, ಅಣುಶಕ್ತಿ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಆ ಸಂಸ್ಥೆಗಳು ಬೇಡವೆಂಬುದು ನಮ್ಮ ವಾದವಲ್ಲ. ಆದರೆ ಹಂಚುವ ಮುನ್ನ ಆ ನೆಲದಲ್ಲಿ ಏನಿತ್ತೆಂಬುದನ್ನು ಅದನ್ನು ಮೇಯಿಸುವವರ ಮಾತಿನಲ್ಲಿಯೂ ಬರೆದಿಡಬೇಕಾಗಿತ್ತು. ವ್ಯಾಜ್ಯವು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಅಷ್ಟರಲ್ಲಿ ಕಾವಲಿನ ಸುತ್ತ ಗೋಡೆಗಳು ಎದ್ದು, ಕುರಿಗಾಹಿಗಳು ತಮ್ಮ ಮಂದೆಗಳೊಡನೆ ಹೊರಗುಳಿದರು.